ಕೆರೆ ಇದ್ದರೆ ಗಡಿಗೆ

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯಲ್ಲಿ, ಕುಮುದ್ವತಿ ಹೊಳೆಯ ಮಗ್ಗುಲಲ್ಲಿ ಮಾಸೂರು ಇದೆ. ಅದೇ ಸೀಮೆಯ ಇನ್ನೊಂದು ಊರು ಅಬಲೂರು. ಸರ್ವಜ್ಞನ ಹೆಸರಿನಲ್ಲಿ ನಮಗೆ ಬಂದಿರುವ ತ್ರಿಪದಿಗಳ ಪ್ರಕಾರ ಅವನ ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರರ ಮನೆಯ ಮಾಳಿ. ಸರ್ವಜ್ಞನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಊರೂರು ಸುತ್ತಿ, ಜನರ ನಾಲಿಗೆಯ ಮೇಲಿದ್ದ ಆ ಪದ್ಯಗಳನ್ನು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿಕೊಟ್ಟವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಈಗ ಪ್ರತಿ ವರ್ಷ ಫೆಬ್ರುವರಿ 20ರಂದು ಸರ್ಕಾರವೇ ಸರ್ವಜ್ಞ ಜಯಂತಿ ಮಾಡುತ್ತದೆ. ಮಾಲೆ ಹಾಕುತ್ತೇವೆ, ಭಾಷಣ ಮಾಡುತ್ತೇವೆ. ಆದರೆ ಅವನ ತಾಯಿಯ ಮನೆತನದ ಕಸುಬಿಗೆ ಬೇಕಾದ ಮಣ್ಣು ಈಗ ಎಲ್ಲಿ ಸಿಗುತ್ತದೆ ಎಂದು ಆ ವೇದಿಕೆಯ ಮೇಲೆ ಕೇಳುವವರು ಕಡಿಮೆ. ಈ ಹೊತ್ತು ಆ ಮಣ್ಣಿನ ಮಾತನ್ನೇ ಆಡೋಣ.

ಪರಿಸರಕ್ಕೆ ಒಳ್ಳೆಯದು ಎಂದು ಮಣ್ಣಿನ ಪಾತ್ರೆ ಕೊಳ್ಳುವವರು ಈಗ ಪೇಟೆಯಲ್ಲೂ ಹೆಚ್ಚುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಮಣ್ಣಿನದು ಅಂದಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಆ ಮಣ್ಣು ಎಲ್ಲಿಂದ ಬಂತು, ಏನನ್ನು ಉರಿಸಿ ಅದನ್ನು ಸುಟ್ಟರು, ಪಾತ್ರೆ ಎಷ್ಟು ದಿನ ಬಾಳಿತು ಎಂಬ ಮೂರು ಪ್ರಶ್ನೆ ಕೇಳಬೇಕು. ಮೂರಕ್ಕೂ ಉತ್ತರ ಊರಿನೊಳಗೇ ಸಿಗುವಂತಿದ್ದರೆ ಮಾತ್ರ ಕುಂಬಾರಿಕೆ ನೆಲಕ್ಕೆ ಭಾರವಾಗದ ಕಸುಬು.

ಈ ಕಸುಬು ನಮ್ಮ ಸೀಮೆಗೆ ಎಷ್ಟು ಹಳೆಯದು ಎಂಬುದಕ್ಕೆ ಹಳ್ಳೂರು ಸಾಕ್ಷಿ. ತುಂಗಭದ್ರೆಯ ಎಡದಂಡೆಯ ಈ ಊರು ಇರುವುದೂ ಹಿರೇಕೆರೂರು ಸೀಮೆಯಲ್ಲೇ. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಇಲ್ಲಿ ಉತ್ಖನನ ಮಾಡಿದರು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಕ್ರಿಸ್ತಪೂರ್ವ 1000ದಷ್ಟು ಹಿಂದೆಯೇ ಇತ್ತು ಎಂದು ತೋರಿಸಿಕೊಟ್ಟ ನೆಲೆ ಎಂದು ಹಳ್ಳೂರು ಹೆಸರಾಯಿತು. ಅಲ್ಲಿ ಕಬ್ಬಿಣಕ್ಕಿಂತ ಹೇರಳವಾಗಿ ಸಿಕ್ಕದ್ದು ಬೋಕಿ, ಅಂದರೆ ಮಡಕೆಯ ಚೂರು. ಕೆಳಗಿನ ಪದರಗಳಲ್ಲಿ ಕೈಯಿಂದ ತಿದ್ದಿದ ನವಶಿಲಾಯುಗದ ಬೂದು ಬಣ್ಣದ ಮಡಕೆಗಳು. ಮೇಲಕ್ಕೆ ಬಂದಂತೆ ಒಳಮೈ ಮತ್ತು ಅಂಚು ಕಪ್ಪಾಗಿ, ಹೊರಮೈ ಕೆಂಪಾಗಿ ಹೊಳೆಯುವ ಕಪ್ಪು-ಕೆಂಪು ಮಡಕೆಗಳು. ಒಂದೇ ಪಾತ್ರೆಯಲ್ಲಿ ಎರಡು ಬಣ್ಣ ಬರಬೇಕಾದರೆ ಬೆಂಕಿ ಮತ್ತು ಗಾಳಿ ಎರಡರ ಮೇಲೂ ಹಿಡಿತ ಬೇಕು. ಆ ಹಿಡಿತ ಈ ಹೊಳೆದಂಡೆಯ ಜನರಿಗೆ ಮೂರು ಸಾವಿರ ವರ್ಷದ ಹಿಂದೆಯೇ ಇತ್ತು.

ಹಳ್ಳೂರಿನ ಬೋಕಿಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. ಮಣ್ಣಿನ ಪಾತ್ರೆ ಒಡೆದರೆ ಮತ್ತೆ ಮಣ್ಣಾಗುತ್ತದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಹಸಿಯ ಗಡಿಗೆ ಮಣ್ಣಾಗುತ್ತದೆ ನಿಜ. ನೀರಲ್ಲಿ ನೆನೆ ಹಾಕಿದರೆ ಕರಗಿ ಮತ್ತೆ ಕೆಸರು. ಸುಟ್ಟದ್ದು ಮಾತ್ರ ಹಿಂದಿರುಗುವುದಿಲ್ಲ. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೇಡಿಯ ಹರಳುಗಳೊಳಗೆ ಕಟ್ಟುಬಿದ್ದಿದ್ದ ನೀರೂ ಹೊರಟುಹೋಗುತ್ತದೆ. ಅದಾದ ಮೇಲೆ ಅದು ಬೇರೆಯೇ ವಸ್ತು. ಸಾವಿರಾರು ವರ್ಷ ನೆಲದಲ್ಲಿ ಬಿದ್ದಿದ್ದರೂ ಕರಗುವುದಿಲ್ಲ, ಹಾಗೆಯೇ ನೆಲಕ್ಕೆ ವಿಷವನ್ನೂ ಬಿಡುವುದಿಲ್ಲ. ಆದ್ದರಿಂದ ಒಮ್ಮೆ ಸುಟ್ಟ ಮಣ್ಣು ನಾವು ಖರ್ಚು ಮಾಡಿದ ಮಣ್ಣು. ಖರ್ಚಾದಷ್ಟು ಮತ್ತೆ ಬಂದು ತುಂಬುವ ಜಾಗದಿಂದಲೇ ಅದನ್ನು ತರಬೇಕು. ಅಂಥ ಜಾಗ ಕೆರೆಯ ಅಂಗಳ.

ಮಳೆ ಬಿದ್ದಾಗ ಹೊಲದ ಮೇಲ್ಮಣ್ಣು ಹರಿದು ಬರುತ್ತದೆ. ಕಲ್ಲು ಹರಳು ಹಳ್ಳದಲ್ಲೇ ನಿಲ್ಲುತ್ತವೆ, ಮರಳು ಕೆರೆಯ ಬಾಯಲ್ಲಿ ಕೂರುತ್ತದೆ, ಎಲ್ಲಕ್ಕಿಂತ ನುಣ್ಣನೆಯ ಜೇಡಿ ನಿಂತ ನೀರಿನಲ್ಲಿ ನಿಧಾನವಾಗಿ ತಳ ಸೇರುತ್ತದೆ. ಕುಂಬಾರನು ಜರಡಿ ಹಿಡಿದು ಮಾಡಬೇಕಾದ ಅರ್ಧ ಕೆಲಸವನ್ನು ಕೆರೆ ಮಾಡಿಟ್ಟಿರುತ್ತದೆ. ಮಾಸೂರಿನ ಮಗ್ಗುಲಿಗೇ ಮದಗದ ಕೆರೆ ಇದೆ. ಗುಡ್ಡಗಳ ನಡುವಿನ ಕಣಿವೆಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಕೆರೆ ಅದು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸರ್ಕಾರದ ಲೆಕ್ಕ. ಹೂಳು ತುಂಬಿದವೇ ಹೆಚ್ಚು. ಅಂದರೆ ನಮ್ಮಲ್ಲಿ ಮಣ್ಣಿಗೆ ಬರವಿಲ್ಲ. ಆ ಮಣ್ಣು ಬೇಕಾದವನ ಕೈಗೆ ಸಿಗುವ ದಾರಿಗೆ ಬರ ಬಂದಿದೆ.

ಕೆರೆಯ ಮಣ್ಣೆಲ್ಲ ಗಡಿಗೆಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಹಿರೇಕೆರೂರು ಸೀಮೆ ಮಲೆನಾಡಿಗೂ ಬಯಲುನಾಡಿಗೂ ನಡುವಿನದು; ಇಲ್ಲಿ ಕೆಂಪು ನೆಲವೂ ಉಂಟು, ಎರೆ ನೆಲವೂ ಉಂಟು. ಬರೀ ಎರೆಮಣ್ಣಿನಿಂದ ಗಡಿಗೆ ಮಾಡಹೋದರೆ ಸೋಲು ಖಂಡಿತ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಎರೆಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರೀ ಕೆಮ್ಮಣ್ಣಿಗೆ ಅಂಟು ಸಾಲದು. ಎರಡನ್ನೂ ಹದವಾಗಿ ಬೆರೆಸಿ, ಸಣ್ಣ ಮರಳನ್ನೋ ಬೂದಿಯನ್ನೋ ಕತ್ತೆ ಕುದುರೆಯ ಲದ್ದಿಯನ್ನೋ ಕೂಡಿಸಿದರೆ ಮಣ್ಣು ಮಾತು ಕೇಳುತ್ತದೆ. ಲದ್ದಿಯ ನಾರು ಹಸಿಯಲ್ಲಿ ಮಣ್ಣನ್ನು ಹಿಡಿದಿಡುತ್ತದೆ. ಬೆಂಕಿಯಲ್ಲಿ ಸುಟ್ಟುಹೋಗಿ ಸಣ್ಣ ಸಣ್ಣ ರಂಧ್ರ ಬಿಡುತ್ತದೆ.

ಮಣ್ಣಿನ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಶಾಲೆಯ ಮಾಸ್ತರರು, ಅಕ್ಕೋರು ಕೇಳುತ್ತಿದ್ದರೆ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಬಹುದು. ಹಸಿ ಮಣ್ಣನ್ನು ಕಿರುಬೆರಳ ದಪ್ಪ ಹೊಸೆದು ಬೆರಳಿಗೆ ಸುತ್ತಿರಿ. ಬಿರುಕು ಬಿಡದೆ ಸುತ್ತಿಕೊಂಡರೆ ಅಂಟು ಸಾಕಷ್ಟಿದೆ. ಆಮೇಲೆ ಒಂದು ಪಟ್ಟಿ ಮಾಡಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು ನೆರಳಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಗೆರೆ ಒಂಬತ್ತೂವರೆ ಸೆಂಟಿಮೀಟರಿನ ಸುಮಾರಿಗೆ ನಿಂತರೆ ಒಳ್ಳೆಯ ಮಣ್ಣು. ಒಂಬತ್ತಕ್ಕಿಂತ ಕೆಳಗಿಳಿದರೆ ಮರಳು ಬೆರೆಸಬೇಕು. ಕೊನೆಗೆ ಒಣಗಿದ ಹೆಂಟೆಯ ಮೇಲೆ ನಿಂಬೆರಸ ಹಿಂಡಿ ನೋಡಿ. ಬುರುಗು ಎದ್ದರೆ ಸುಣ್ಣದ ಅಂಶವಿದೆ ಎಂದರ್ಥ. ಸುಣ್ಣಕಲ್ಲಿನ ಹರಳು ಕುಂಬಾರನ ಗುಪ್ತ ವೈರಿ. ಆವಿಗೆಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಗಡಿಗೆ ಚೆನ್ನಾಗಿಯೇ ಹೊರಬರುತ್ತದೆ. ನಾಲ್ಕಾರು ದಿನ ಕಳೆದ ಮೇಲೆ ಗಾಳಿಯ ತೇವ ಹೀರಿ ಆ ಹರಳು ಉಬ್ಬಿ, ಗಡಿಗೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಅದಕ್ಕೇ ಬಲ್ಲ ಕುಂಬಾರರು ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ತಿಳಿಯಾಗಲು ಬಿಟ್ಟು, ತಳದ ಗಸಿಯನ್ನಷ್ಟೇ ಆರಿಸಿಕೊಳ್ಳುತ್ತಾರೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮಣ್ಣು ಅಗೆದು ತಂದು ಕೂಡಿಹಾಕುವುದು ಮೊದಲ ಕೆಲಸ. ಬಿಸಿಲು ಮಳೆಗೆ ಅದು ಮೆತ್ತಗಾಗುತ್ತದೆ. ಹೆಂಟೆ ಒಡೆದು, ನೆನೆಸಿ, ಕಾಲಿನಿಂದ ತುಳಿದು, ಕೈಯಿಂದ ನಾದಿ, ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟರೆ ದಿನ ಕಳೆದಂತೆ ಹದ ಏರುತ್ತದೆ. ಈ ತುಳಿತ, ನಾದುವುದು, ಒಣಗಿಸುವುದು, ಜಾಜು ಬಳಿಯುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ದುಡಿಮೆ. ತಿಗರಿಯ ಮುಂದೆ ಕೂರುವ ಅವಕಾಶ ಮಾತ್ರ ಅವರಿಗೆ ಹಿಂದೆ ಇರಲಿಲ್ಲ. ವಿದ್ಯುತ್ ತಿಗರಿ ಬಂದ ಮೇಲೆ, ತರಬೇತಿಗಳಲ್ಲಿ ಮಹಿಳೆಯರೂ ಕೂರತೊಡಗಿದ ಮೇಲೆ, ಆ ಕಟ್ಟು ಸಡಿಲಾಗುತ್ತಿದೆ. ಸರ್ವಜ್ಞನ ಹೆತ್ತವ್ವನ ಹೆಸರು ಹೇಳುವ ಸೀಮೆಯಲ್ಲಿ ಅದು ಪೂರ್ತಿ ಕಳಚಿ ಬೀಳಬೇಕು.

ತಿಗರಿಯಿಂದ ಇಳಿದ ಗಡಿಗೆ ಪೂರ್ತಿ ಗಡಿಗೆಯಲ್ಲ. ಅದರ ಬಾಯಿ, ಕಂಠ ಮಾತ್ರ ಸಿದ್ಧವಾಗಿರುತ್ತವೆ. ಮೈ ದಪ್ಪ, ತಳ ತೆರೆದದ್ದು. ಅರೆ ಒಣಗಿದಾಗ ಒಳಗೆ ಗುಂಡುಕಲ್ಲು ಹಿಡಿದು, ಹೊರಗೆ ಮರದ ಹಲಗೆಯಿಂದ ಬಡಿಬಡಿದು ತಳವನ್ನು ಕೂಡಿಸಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಬಡಿತದಿಂದ ಮಣ್ಣು ಒತ್ತಾಗುತ್ತದೆ, ಗೋಡೆ ತೆಳುವಾದರೂ ಗಟ್ಟಿಯಾಗುತ್ತದೆ. ಅದಕ್ಕೇ ಹಳೆಯ ಗಡಿಗೆ ಒಲೆಯ ಉರಿ ತಡೆದು ಬಾಳುತ್ತಿತ್ತು. ಅಚ್ಚಿನಲ್ಲಿ ಸುರಿದು ತೆಗೆದ ಅಂದದ ಪಾತ್ರೆಗೆ ಈ ಬಡಿತದ ಸಂಸ್ಕಾರವಿಲ್ಲ. ಇಷ್ಟೆಲ್ಲ ದುಡಿದು ಮಾಡಿದ್ದು ಒಂದೇ ಏಟಿಗೆ ಒಡೆಯುತ್ತದೆ; ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಆವಿಗೆ. ಹಸಿ ಗಡಿಗೆಯಲ್ಲಿ ತೇವ ಉಳಿದಿದ್ದರೆ ನೂರು ಡಿಗ್ರಿ ದಾಟುತ್ತಲೇ ಅದು ಆವಿಯಾಗಿ ಗಡಿಗೆಯನ್ನು ಸಿಡಿಸುತ್ತದೆ. ಹಾಗಾಗಿ ಮೊದಲು ಬಹಳ ಹೊತ್ತು ಸಣ್ಣ ಉರಿ. ಆಮೇಲೆ 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಮರಳಿನ ಹರಳು ಒಮ್ಮೆಲೇ ಹಿಗ್ಗುತ್ತದೆ. ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಅವಸರ ಸಲ್ಲದು. ನಮ್ಮ ಹಳ್ಳಿಯ ಆವಿಗೆಗಳ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಪಿಂಗಾಣಿಗೆ 1200, 1300 ಡಿಗ್ರಿ ಬೇಕು. ಇಲ್ಲಿಯೇ ನಮ್ಮ ಗಡಿಗೆಯ ದೊಡ್ಡ ಲಾಭವಿದೆ: ಕಡಿಮೆ ಶಾಖ, ಕಡಿಮೆ ಉರುವಲು. ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನ ಕಬ್ಬಿಣಾಂಶ ಕೆಂಪಾಗುತ್ತದೆ. ಕೊನೆಗೆ ಹೊಟ್ಟು, ಸಗಣಿ ಹಾಕಿ ಗಾಳಿ ಕಟ್ಟಿದರೆ ಹೊಗೆ ಮೈಗೇರಿ ಕಪ್ಪಾಗುತ್ತದೆ. ಹಳ್ಳೂರಿನ ಎರಡು ಬಣ್ಣದ ಗುಟ್ಟು ಇದೇ.

ಆದರೆ ಉರುವಲಿನ ಲೆಕ್ಕ ಮರೆಯುವಂತಿಲ್ಲ. ಕಾಡು ಕಡಿದು ತಂದ ಸೌದೆಯಲ್ಲಿ ಸುಟ್ಟ ಗಡಿಗೆಯನ್ನು ಪರಿಸರಸ್ನೇಹಿ ಎಂದು ಕರೆಯುವುದು ನಮ್ಮನ್ನು ನಾವೇ ನಂಬಿಸಿಕೊಂಡಂತೆ. ಹಾವೇರಿ ಜಿಲ್ಲೆಯ ರೈತರಿಗೆ ಗೋವಿನಜೋಳ ದೊಡ್ಡ ಬೆಳೆ, ಹತ್ತಿಯೂ ಹಳೆಯ ಬೆಳೆ. ಒಕ್ಕಣೆಯಾದ ಮೇಲೆ ಜೋಳದ ದಿಂಡು, ಹತ್ತಿಕಟ್ಟಿಗೆ, ಭತ್ತದ ಹೊಟ್ಟು ರಾಶಿ ಬೀಳುತ್ತವೆ. ಎಷ್ಟೋ ಕಡೆ ಅವನ್ನು ಬದುವಿನಲ್ಲೇ ಸುಡುತ್ತಾರೆ. ಅದೇ ಬೆಂಕಿ ಆವಿಗೆಯಲ್ಲಿ ಉರಿದರೆ ಗಡಿಗೆ ಬೇಯುತ್ತದೆ. ಬಯಲು ಆವಿಗೆಯಲ್ಲಿ ಶಾಖದ ಬಹುಪಾಲು ಆಕಾಶಕ್ಕೆ ಹೋಗುತ್ತದೆ. ಇಟ್ಟಿಗೆಯ ಗೋಡೆ, ಕೆಳಗೆ ಉರಿಗೂಡು, ಮೇಲೆ ಹೊಗೆಗಂಡಿ ಇರುವ ಗೂಡು ಕಟ್ಟಿಕೊಂಡರೆ ಉರುವಲೂ ಉಳಿಯುತ್ತದೆ, ಒಡೆಯುವ ಗಡಿಗೆಯೂ ಕಡಿಮೆ. ಒಂದೊಂದು ಮನೆಗೆ ಇದರ ಖರ್ಚು ಭಾರ. ಓಣಿಗೊಂದು ಗೂಡು ಆದರೆ ಹಗುರ.

ಕುಂಬಾರರಿಲ್ಲದೆ ನಮ್ಮ ವರ್ಷ ನಡೆಯುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಜೋಕುಮಾರ, ದೀಪಾವಳಿಗೆ ಪಣತಿ. ಮದುವೆಗೆ ಕುಂಬಾರರ ಮನೆಯಿಂದ ವಾದ್ಯ ಸಮೇತ ಐರಾಣಿ ಬರಬೇಕು. ಹುಟ್ಟಿನಿಂದ ಸಾವಿನವರೆಗೆ ಮನೆಗೆ ಬೇಕಾದ ಗಡಿಗೆ, ಹರವಿ, ಮಗಿ, ಕುಡಿಕೆ ಕೊಡುವ ಆಯಗಾರ ಅವನು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಒಯ್ಯುತ್ತಿದ್ದ. ಶರಣರ ಸಾಲಿನಲ್ಲಿ ಕುಂಬಾರ ಗುಂಡಯ್ಯನಿದ್ದಾನೆ; ಹರಿಹರ ಅವನ ಮೇಲೆ ರಗಳೆ ಬರೆದ. ಅಷ್ಟು ಗೌರವದ ಕಸುಬಿನ ಮೇಲೆ ಹೊಡೆತ ಒಂದರ ಹಿಂದೊಂದು ಬಿದ್ದವು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ತೊಡಗಿದರು. ಮುಂದೆ ಅದು ಮನೆಮನೆಯ ಒಲೆಗೆ ಬಂತು. ಆಮೇಲೆ ಸ್ಟೀಲು, ಆಮೇಲೆ ಪ್ಲಾಸ್ಟಿಕ್ ಕೊಡ, ಫ್ರಿಜ್ಜು. ಆಯ ನಿಂತಿತು, ಕಾಳು ನಿಂತಿತು. ಅದರ ಜಾಗದಲ್ಲಿ ಸಂತೆಯ ಚೌಕಾಸಿ ಉಳಿಯಿತು.

ಕಸುಬು ಉಳಿದ ಕಡೆ ಹೇಗೆ ಉಳಿಯಿತು ಎಂದು ನೋಡಿದರೆ ಎರಡು ಊರು ನೆನಪಾಗುತ್ತವೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಜೇಡಿಮಣ್ಣು ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಅಲ್ಲಿಯೇ ಇದೆ. ದೂರದ ಊರುಗಳ ಕುಂಬಾರರೂ ಅಲ್ಲಿಗೆ ಕಲಿಯಲು ಬಂದಿದ್ದಾರೆ. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಕುಂಬಾರರು ತಮ್ಮದೇ ಗುಡಿ ಕೈಗಾರಿಕಾ ಸಹಕಾರಿ ಸಂಘ ಕಟ್ಟಿಕೊಂಡರು. ಒಂದು ಕಡೆ ಕಲಿಸುವ ಸಂಸ್ಥೆ, ಇನ್ನೊಂದು ಕಡೆ ಕೂಡಿ ಮಾರುವ ಸಂಘ. ಇವೆರಡೂ ಇಲ್ಲದ ಊರಿನಲ್ಲಿ ಒಂಟಿ ಕುಂಬಾರ ಎಷ್ಟು ಜಾಣನಾದರೂ ದಲ್ಲಾಳಿ ಹೇಳಿದ ಬೆಲೆಗೇ ಕೊಡಬೇಕು. 2018ರಿಂದ ಅದೇ ಖಾದಿ ಆಯೋಗ ಕುಂಬಾರ ಸಬಲೀಕರಣ ಯೋಜನೆಯಲ್ಲಿ ವಿದ್ಯುತ್ ತಿಗರಿ ಹಂಚುತ್ತಿದೆ. ಒಳ್ಳೆಯ ಕೆಲಸ. ಆದರೆ ತಿಗರಿ ಕೊಟ್ಟು ಮಣ್ಣು ಕೊಡದಿದ್ದರೆ ತಿಗರಿ ಮೂಲೆ ಸೇರುತ್ತದೆ.

ಮಣ್ಣಿಗೆ ಕಾನೂನಿನ ಅಡ್ಡಿ ಇದೆಯೇ? ಕೇಂದ್ರ ಪರಿಸರ ಸಚಿವಾಲಯದ 2016ರ ಜನವರಿ 15ರ ಅಧಿಸೂಚನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕುಂಬಾರರು ತಮ್ಮ ರೂಢಿಯಂತೆ ಗಡಿಗೆ, ದೀಪ, ಆಟಿಕೆ ಮಾಡಲು ಕೈಯಿಂದ ಅಗೆದುಕೊಳ್ಳುವ ಸಾಮಾನ್ಯ ಜೇಡಿಗೂ ಮರಳಿಗೂ ಪರಿಸರ ಅನುಮತಿ ಬೇಕಿಲ್ಲ ಎಂದು ಅದು ಹೇಳುತ್ತದೆ. ಕುಂಬಾರನ ಬುಟ್ಟಿ ಮತ್ತು ಜೆಸಿಬಿಯ ಬಾಯಿ ಒಂದೇ ಅಲ್ಲ ಎಂದು ಕಾಗದವೂ ಒಪ್ಪಿಕೊಂಡಿದೆ. ಈ ಸಂಗತಿ ಗೊತ್ತಿಲ್ಲದೆ ಎಷ್ಟೋ ಜನ ಹೆದರಿ ಹಿಂದೆ ಸರಿಯುತ್ತಾರೆ, ಇಲ್ಲವೇ ದುಡ್ಡು ಕೊಟ್ಟು ಟ್ರ್ಯಾಕ್ಟರ್ ಮಣ್ಣು ತರಿಸುತ್ತಾರೆ.

ಈಗ ಉದ್ಯೋಗ ಖಾತರಿ ಕೆಲಸದಲ್ಲಿ, 2022ರಲ್ಲಿ ಶುರುವಾದ ಅಮೃತ ಸರೋವರದಂಥ ಯೋಜನೆಯಲ್ಲಿ ಕೆರೆ ಹೂಳು ತೆಗೆಯುತ್ತೇವೆ. ರೈತರು ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುತ್ತಾರೆ. ಅದು ನೆಲಕ್ಕೆ ಗೊಬ್ಬರವೇ ಸರಿ. ಅದೇ ಹೊತ್ತಿಗೆ ನುಣ್ಣನೆಯ ಜೇಡಿ ಇರುವ ಒಂದು ಮೂಲೆಯನ್ನು ಗುರುತಿಸಿ ಕುಂಬಾರರಿಗೆ ಬಿಟ್ಟರೆ ಪಂಚಾಯಿತಿಗೆ ಒಂದು ರೂಪಾಯಿಯ ನಷ್ಟವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಕೆರೆಯ ಏರಿಯ ಬುಡದಲ್ಲಿ ಅಗೆಯಬಾರದು, ಒಂದೇ ಕಡೆ ಆಳದ ಹೊಂಡ ತೋಡಬಾರದು. ಪದರು ಪದರಾಗಿ ಎತ್ತಿದರೆ ಮುಂದಿನ ಮಳೆ ಅದನ್ನು ತುಂಬಿಕೊಡುತ್ತದೆ. ಊರ ಚರಂಡಿಯ ನೀರು, ಕಾರ್ಖಾನೆಯ ಕೊಳೆ ಸೇರುವ ಕೆರೆಯ ಮಣ್ಣನ್ನು ಅಡುಗೆಯ ಪಾತ್ರೆಗೆ ಬಳಸಲೇಬಾರದು. ಕೆರೆ ಕೆಟ್ಟರೆ ಗಡಿಗೆಯೂ ಕೆಟ್ಟಂತೆ.

ಗಣಪತಿಯ ವಿಷಯಕ್ಕೂ ಇದೇ ಮಾತು. ಮೂರ್ತಿ ವಿಸರ್ಜನೆಯ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ತಂದಿತು. 2020ರಲ್ಲಿ ಅದನ್ನು ಬಿಗಿಗೊಳಿಸಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡವೆಂದಿತು. ಸುಡದ, ಬಣ್ಣ ಬಳಿಯದ ಮಣ್ಣಿನ ಗಣಪ ಮಾತ್ರ ನಿಜವಾಗಿ ಕೆರೆಯಿಂದ ಬಂದು ಕೆರೆಗೇ ಹೋಗುತ್ತಾನೆ.

ಕೊಳ್ಳುವವರಿಗೆ ನಾಲ್ಕು ಮಾತು. ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಂಚಿನಂತೆ ಕಣಕಣ ಅಂದರೆ ಬೆಂದಿದೆ, ಮಂಕಾಗಿ ಅಂದರೆ ಬಿರುಕಿದೆ ಇಲ್ಲವೇ ಅರೆಬೆಂದಿದೆ. ಎಣ್ಣೆಬಣ್ಣ, ವಾರ್ನಿಷು ಹಚ್ಚಿದ ಪಾತ್ರೆಯನ್ನು ಅಡುಗೆಗೂ ನೀರಿಗೂ ತರಬೇಡಿ. ಹೊಳಪಿನ ಲೇಪದಲ್ಲಿ ಸೀಸ ಇರುವುದುಂಟು. ಹುಳಿ ಪದಾರ್ಥ ಅದನ್ನು ಎಳೆದು ಊಟಕ್ಕೆ ಬೆರೆಸುತ್ತದೆ. ಹೊಸ ಗಡಿಗೆಯನ್ನು ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಅಕ್ಕಿ ತೊಳೆದ ನೀರನ್ನು ಸಣ್ಣ ಉರಿಯಲ್ಲಿ ಕುದಿಸಿ ಪಳಗಿಸಿ. ಸೋಪಿನ ಪುಡಿ ಬೇಡ, ಅದನ್ನೂ ಗಡಿಗೆ ಹೀರುತ್ತದೆ. ಬೂದಿ, ತೆಂಗಿನ ನಾರು ಸಾಕು. ಗ್ಯಾಸಿನ ಮೇಲೆ ಇಟ್ಟರೆ ಉರಿ ಸಣ್ಣಗಿರಲಿ, ಬಿಸಿ ಗಡಿಗೆಗೆ ತಣ್ಣೀರು ಹೊಯ್ಯಬೇಡಿ.

ನೀರಿನ ಹರವಿಯ ತಂಪಿಗೆ ವಿದ್ಯುತ್ತು ಬೇಡ. ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಹರವಿಯ ರಂಧ್ರಗಳಿಂದ ಜಿನುಗುವ ಹನಿ ಆ ಶಾಖದ ಬಹುಪಾಲನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗಿ ಇಲ್ಲ. ವರ್ಷಗಳು ಕಳೆದಂತೆ ರಂಧ್ರ ಕಟ್ಟಿಕೊಂಡು ತಂಪು ಕುಂದುತ್ತದೆ. ಆಗ ಹರವಿಯನ್ನು ಎಸೆಯಬೇಡಿ. ಕಾಳು ತುಂಬಿಡಿ, ಗಿಡ ನೆಡಿ, ಇಲ್ಲವೇ ಗಿಡದ ಬುಡದಲ್ಲಿ ಹೂತು ನೀರು ತುಂಬಿಡಿ. ಬೇರಿಗೆ ಬೇಕಾದಷ್ಟೇ ನೀರು ಜಿನುಗುತ್ತದೆ.

ಇನ್ನು ಬೆಲೆಯ ಮಾತು. ‘ಒಂದು ಗಡಿಗಿಗೆ ಇಷ್ಟ್ಯಾಕ್ರೀ’ ಎಂದು ಸಂತೆಯಲ್ಲಿ ಕೇಳುವ ಮೊದಲು, ಅಗೆದ ಮಣ್ಣು, ತುಳಿದ ಕಾಲು, ಒಡೆದುಹೋದ ನಾಲ್ಕು ಗಡಿಗೆಯ ನಷ್ಟ ಇವನ್ನು ಲೆಕ್ಕ ಹಾಕಿ. ಪೇಟೆಯ ಅಂಗಡಿಯಲ್ಲಿ ಅದೇ ಗಡಿಗೆಗೆ ಕೇಳಿದಷ್ಟು ಕೊಟ್ಟು ಬರುತ್ತೇವೆ. ಮಾಡಿದವನ ಮುಂದೆ ಮಾತ್ರ ಚೌಕಾಸಿ ಮಾಡುತ್ತೇವೆ. ಇದು ನ್ಯಾಯವಲ್ಲ.

ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ಸವಣೂರು ಸೀಮೆಯ ಗ್ರಾಮ ಪಂಚಾಯಿತಿಗಳ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರ ಕೆರೆಯ ಹೂಳೆತ್ತುವ ಠರಾವು ಬರೆಯುವಾಗ, ಕುಂಬಾರರಿಗೆ ಮಣ್ಣಿನ ಒಂದು ಮೂಲೆ ಎಂಬ ಒಂದು ಸಾಲು ಸೇರಿಸಿ. ಬೆಂಕಿಗೆ ದಿಂಡು, ಹೊಟ್ಟು ರೈತರ ಕಣದಲ್ಲಿವೆ. ಕೌಶಲ ಕುಂಬಾರರ ಕೈಯಲ್ಲಿದೆ. ಮಣ್ಣು ಕೊಡುವುದು ಊರಿನ ಕೈಯಲ್ಲಿದೆ.